ನೂರಿಪ್ಪತ್ತು ಹೆಸರಿನ ಹೋಮ್ ಎಡಿಷನ್

ಕಂಪ್ಯೂಟರಿಗೆ ಐನೂರು ಹೆಸರು. ಹೊಸ ಕೇಬಲ್ಲಿಗೆ ಹದಿನೈದು. ಕಂಪ್ಯೂಟರಿಗೆ ಹಾಕಿಸಬೇಕಾದ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಹೋಮ್ ಎಡಿಷನ್ನಿಗೆ ನೂರಿಪ್ಪತ್ತು, ಪ್ರೊ ಎಡಿಷನ್ನಿಗೆ ಇನ್ನೂರು. ಅದಕ್ಕೂ ಮೇಲಿನದೊಂದಿತ್ತು, ದೊಡ್ಡ ಕಂಪನಿಗಳು ತೆಗೆದುಕೊಳ್ಳುವಂಥದ್ದು. ಅದರ ಬೆಲೆಯನ್ನು ಅಂಗಡಿಯವನು ಬಾಯಿ ಬಿಟ್ಟು ಹೇಳಲಿಲ್ಲ. ಬಂದವರ ಚಪ್ಪಲಿ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದ.

ಲೆಕ್ಕದಕ್ಕನ ಲೆಕ್ಕ ನಡೆಯುತ್ತಿದ್ದುದೇ ಹೀಗೆ. ಹಣದಲ್ಲಿ ಹೇಳಿದರೆ ಅವಳಿಗೆ ಯಾವುದೂ ಮೈಗೆ ತಾಗುತ್ತಿರಲಿಲ್ಲ. ಒಂದು ಕೋಟಿನ ಎದೆಯ ಮೇಲೆ ಒಂದು ಹೆಸರು ಹೊಲಿದರೆ ಸಿಗುವ ಕೂಲಿಯೇ ಅವಳ ನಾಣ್ಯ. ಮೊಣಕಾಲಿನ ಮುಲಾಮಿಗೆ ನಾಲ್ಕು ಹೆಸರು, ಚಾವಣಿಯ ತಗಡು ಬದಲಾಯಿಸಲು ಮುನ್ನೂರು. ಕೊಳ್ಳುವ ವಸ್ತುವಿನ ಪಕ್ಕದಲ್ಲಿ ಅಷ್ಟು ಕೋಟುಗಳನ್ನು ಕಣ್ಣಮುಂದೆ ತೂಗುಹಾಕಿ ನೋಡಿದರೆ, ಬೇಕೋ ಬೇಡವೋ ಎಂಬುದು ತಾನಾಗಿಯೇ ತಿಳಿಯುತ್ತಿತ್ತು. ಇಪ್ಪತ್ತು ವರ್ಷದಿಂದ ಈ ಲೆಕ್ಕ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಬೀದಿಯವರು ಇಟ್ಟ ಅಡ್ಡಹೆಸರನ್ನು ಅವಳು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು.

ಮನೆಯ ಕೆಳಗಿನ ತಗಡಿನ ಕೋಣೆಯಲ್ಲಿ ಕಸೂತಿ ಯಂತ್ರವೊಂದನ್ನು ಇಟ್ಟುಕೊಂಡು ಕೆಲಸ ಮಾಡುತ್ತಿದ್ದವರು ಓರಗಿತ್ತಿಯರಿಬ್ಬರು. ಗಂಡಂದಿರು ಅಣ್ಣತಮ್ಮಂದಿರು, ಇಬ್ಬರೂ ಲಾರಿ ಓಡಿಸುವವರು. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ, ಉಳಿದ ಹತ್ತು ದಿನ ನಿದ್ದೆಯಲ್ಲಿ. ಹಿರಿಯವಳು ಲೆಕ್ಕದಕ್ಕ. ಕಿರಿಯವಳನ್ನು ಪುಟ್ಟಿ ಎನ್ನುತ್ತಿದ್ದರು. ಮದುವೆಯಾಗಿ ಹೊಸಿಲು ದಾಟಿ ಬಂದ ದಿನ ಹಿರಿಯವಳೇ ಇಟ್ಟ ಹೆಸರು ಅದು. ಪುಟ್ಟಿಗೀಗ ನಲವತ್ತಕ್ಕೆ ಎರಡೇ ಕಡಿಮೆ, ಓದಲು ಕನ್ನಡಕ ಬೇಕು. ಆದರೂ ಪುಟ್ಟಿ ಪುಟ್ಟಿಯೇ.

ಕೆಲಸ ಹಂಚಿಕೆಯಾಗಿತ್ತು. ಕೋಟುಗಳನ್ನು ಎಣಿಸುವುದು, ಗಿರಾಕಿಗಳ ಜೊತೆ ಮಾತಾಡುವುದು, ಚೌಕಾಸಿ, ಬೀಗದ ಕೈ, ಎಲ್ಲ ಅಕ್ಕನದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು, ಬಟ್ಟೆಯನ್ನು ಬಳೆಯಂಥ ಚೌಕಟ್ಟಿಗೆ ಬಿಗಿಯುವುದು, ಸೂಜಿ, ನೂಲು, ಎಣ್ಣೆ, ಎಲ್ಲ ಪುಟ್ಟಿಯದು. ಯಂತ್ರ ಹಳೆಯದು, ಅದಕ್ಕೆ ಸ್ವಂತ ನೆನಪಿನ ಶಕ್ತಿ ಇರಲಿಲ್ಲ. ಕಂಪ್ಯೂಟರು ಕೇಬಲ್ಲಿನ ಮೂಲಕ ತುತ್ತು ತುತ್ತಾಗಿ ಉಣ್ಣಿಸಿದಷ್ಟನ್ನು ಹೊಲಿಯುತ್ತಿತ್ತು. ಉಣ್ಣಿಸುವುದು ನಿಂತರೆ ಸೂಜಿ ಬಟ್ಟೆಯಲ್ಲಿ ಚುಚ್ಚಿಕೊಂಡೇ ನಿಲ್ಲುತ್ತಿತ್ತು. ಮತ್ತೆ ಶುರುಮಾಡಿದರೆ ಮೊದಲ ಅಕ್ಷರದಿಂದಲೇ. ಬಿಳಿ ಕೋಟಿನಲ್ಲಿ ಅರ್ಧ ಹೊಲಿದದ್ದನ್ನು ಬಿಚ್ಚಿದರೆ ಜರಡಿಯಂತೆ ತೂತು. ಆ ಕೋಟು ಹೋದ ಹಾಗೆಯೇ.

ಹೀಗಾಗಿ ಅಕ್ಕ ಒಂದು ಕಟ್ಟುನಿಟ್ಟು ಮಾಡಿದ್ದಳು. ಹೊಲಿಗೆ ಶುರುವಾದ ಕೂಡಲೇ ಕಂಪ್ಯೂಟರನ್ನು ತೆರೆಯಿಂದ ಕೀಲಿಮಣೆಯವರೆಗೆ ದಪ್ಪ ನೀಲಿ ಬಟ್ಟೆಯಿಂದ ಮುಚ್ಚಿಬಿಡಬೇಕು. ಒಂದು, ಕೋಟುಗಳ ಜುಂಗು ಒಳಗೆ ಹೋಗಬಾರದು. ಎರಡು, ಯಾರದಾದರೂ ಮೊಣಕೈ ತಾಗಿ ಯಂತ್ರ ನಿಲ್ಲಬಾರದು. ರಾತ್ರಿ ಮೇಲೆ ಹೋಗುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುವುದೂ ಅವಳದೇ ಪದ್ಧತಿ. ತೆರೆಯ ಮೇಲೆ ಒತ್ತಿ ಸುತ್ತಿ ಬಳಸಿ ಆರಿಸುವುದು ಅವಳ ಪ್ರಕಾರ ಕಂಪ್ಯೂಟರಿಗೆ ಕೊಟ್ಟ ಸಲಿಗೆ. ಹಳೆಯ ಕಂಪ್ಯೂಟರು ಇದನ್ನೆಲ್ಲ ಹನ್ನೊಂದು ವರ್ಷ ಸಹಿಸಿಕೊಂಡಿತು. ಹೋದ ಸೋಮವಾರ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು.

ಮುಚ್ಚಿದ ಹೊತ್ತು ಕೆಟ್ಟದಾಗಿತ್ತು. ದೊಡ್ಡ ಆಸ್ಪತ್ರೆಯಿಂದ ಇನ್ನೂರು ಕೋಟುಗಳು ಬಂದಿದ್ದವು, ಇನ್ನೂ ನೂರಿಪ್ಪತ್ತು ಉಳಿದಿದ್ದವು, ಶನಿವಾರ ಮಧ್ಯಾಹ್ನದೊಳಗೆ ಕೊಡಬೇಕಿತ್ತು. ಕೆಲಸ ಚೆನ್ನಾಗಿದ್ದರೆ ಮೂರು ವರ್ಷದ ಕರಾರು ಎಂದು ಅಲ್ಲಿನ ಉಗ್ರಾಣದ ಮೇಲ್ವಿಚಾರಕಿ ಹೇಳಿದ್ದಳು. ಅದಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು. ಊರಾಚೆ ತೆರೆದಿರುವ ದೊಡ್ಡ ಕಸೂತಿ ಕಾರ್ಖಾನೆಯವರು ಪುಟ್ಟಿಯನ್ನು ಕೆಲಸಕ್ಕೆ ಕರೆದಿದ್ದಾರೆಂದು ನೂಲು ಮಾರುವವನು ಅಕ್ಕನ ಕಿವಿಗೆ ಹಾಕಿ ಹೋಗಿದ್ದ. ಹನ್ನೆರಡು ಸೂಜಿಯ ಹೊಸ ಯಂತ್ರಗಳಂತೆ, ತಂಪು ಕೋಣೆಯಂತೆ. ಪುಟ್ಟಿ ತಾನಾಗಿ ಹೇಳಿರಲಿಲ್ಲ, ಅಕ್ಕ ತಾನಾಗಿ ಕೇಳಿರಲಿಲ್ಲ. ಪುಟ್ಟಿ ಹೋದರೆ ಕೋಣೆಯಲ್ಲಿ ಉಳಿಯುವುದು ಒಂದು ಯಂತ್ರ, ಅದನ್ನು ಒರೆಸಬಲ್ಲ ಒಬ್ಬ ಹೆಂಗಸು. ಕರಾರು ಸಿಕ್ಕರೆ ಅವಳನ್ನು ಉಳಿಸಿಕೊಳ್ಳಲು ಒಂದು ಮಾತಾದರೂ ಇರುತ್ತದೆ ಎಂಬುದು ಅಕ್ಕನ ಎಣಿಕೆ.

ಮಂಗಳವಾರ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದರು. ಕೋಣೆಗೆ ಬೀಗ ಹಾಕಿ ಇಬ್ಬರೂ ಒಟ್ಟಿಗೆ ಹೊರಟದ್ದು ಆ ವರ್ಷದಲ್ಲಿ ಎರಡನೇ ಸಲ. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ತಡಕುತ್ತಿದ್ದ. ಬಳಸಿ ಒರೆಸಿಟ್ಟ ಕಂಪ್ಯೂಟರೊಂದು ಬೇಗ ಗೊತ್ತಾಯಿತು. ಆಪರೇಟಿಂಗ್ ಸಿಸ್ಟಮ್ ಯಾವುದು ಎಂಬಲ್ಲಿಗೆ ಬಂದಾಗ ಅವನು ಗೋಡೆಯ ಪಟ್ಟಿ ತೋರಿಸಿದ. ಮೂರು ಕಾಲಂ, ಇಪ್ಪತ್ತಮೂರು ಸಾಲು, ಹಸಿರು ಟಿಕ್ಕುಗಳು. ಹೋಮ್‌ಗೆ ಹದಿಮೂರು, ಪ್ರೊಗೆ ಇಪ್ಪತ್ತು, ಮೇಲಿನದಕ್ಕೆ ಎಲ್ಲ. ನಿಮ್ಮದು ವ್ಯಾಪಾರ ಅಲ್ಲವೇ, ವ್ಯಾಪಾರಕ್ಕೆ ಪ್ರೊನೇ ಸರಿ ಎಂದ.

ಲೆಕ್ಕದಕ್ಕ ಕುರ್ಚಿ ಎಳೆದುಕೊಂಡಳು. ಪ್ರೊನಲ್ಲಿ ಹೆಚ್ಚಿಗೆ ಇರುವ ಏಳು ಟಿಕ್ಕುಗಳನ್ನು ಒಂದೊಂದಾಗಿ ಕೇಳುತ್ತೇನೆ, ಒಂದೊಂದೂ ನನಗೇನು ಕೊಡುತ್ತದೆ ಹೇಳು ಎಂದಳು.

ಮೊದಲನೆಯದು ಒಳಗಿನದಕ್ಕೆ ಬೀಗ. ಕಳ್ಳ ಕಂಪ್ಯೂಟರನ್ನೇ ಹೊತ್ತುಕೊಂಡು ಹೋದರೂ ಒಳಗಿರುವುದನ್ನು ಓದಲಾಗುವುದಿಲ್ಲ ಎಂದು ಅವನು ವಿವರಿಸಿದ.

"ಒಳಗಿರೋದು ಡಾಕ್ಟರುಗಳ ಹೆಸರು" ಎಂದಳು ಅಕ್ಕ. "ಅದನ್ನ ಅವರೇ ಎದೆ ಮೇಲೆ ಹಾಕ್ಕೊಂಡು ಓಡಾಡ್ತಾರೆ. ಕಳ್ಳ ಆಸ್ಪತ್ರೆಗೆ ಹೋಗಿ ಓದ್ಕೊಳ್ಳಲಿ. ಮುಂದಿನದು?"

ಮುಂದಿನದು ಮನೆಯಲ್ಲಿ ಕುಳಿತೇ ಕೆಲಸದ ಜಾಗದ ಕಂಪ್ಯೂಟರು ನಡೆಸುವುದು. ಮನೆ ಇರುವುದು ಮೆಟ್ಟಿಲ ಮೇಲೆ, ಕಿಟಕಿಯಿಂದ ಕೂಗಿದರೆ ಕೇಳುತ್ತದೆ, ಅದೂ ಬಿಟ್ಟಿಯಾಗಿ. ಅದರ ಮುಂದಿನದು ನೂರಾರು ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ಆಳುವುದು. ನಮ್ಮಲ್ಲಿ ಇರುವುದೇ ಒಂದು, ಅದನ್ನು ಆಳಲು ಇಬ್ಬರಿದ್ದೇವೆ ಎಂದಳು. ಹೀಗೆ ಆರು ಟಿಕ್ಕುಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ಹೋದವು. ಅಂಗಡಿಯವನಿಗೂ ಮಜಾ ಬಂದಿತ್ತು. ಏಳನೆಯದನ್ನು ಅವನೇ ನಗುತ್ತ ಹೇಳಿದ. ಈ ಸಿಸ್ಟಮ್ಮಿಗೆ ಆಗಾಗ ಕಂಪನಿಯಿಂದ ಹೊಸ ಸುಧಾರಣೆಗಳು, ಅಪ್‌ಡೇಟುಗಳು, ಬರುತ್ತವೆ. ಹೋಮ್‌ನಲ್ಲಿ ಅವು ಬಂದ ಹಾಗೆ ಬರುತ್ತವೆ. ಪ್ರೊನಲ್ಲಾದರೆ ತಿಂಗಳುಗಟ್ಟಲೆ ಮುಂದೂಡಬಹುದು.

"ಒಳ್ಳೇದು ತಡವಾಗಿ ಬರಲಿ ಅಂತ ಎಂಬತ್ತು ಹೆಸರು ಜಾಸ್ತಿ ಕೊಡ್ಬೇಕಾ?"

"ಯಾರ ಹೆಸರು?" ಎಂದ ಅವನು.

ಆಗ ಪುಟ್ಟಿ ಅವಳ ಮೊಣಕೈಯನ್ನು ಮೆಲ್ಲಗೆ ಎಳೆದಳು. "ಅಕ್ಕಾ, ಅದೊಂದು ವಿಚಾರ..."

"ನೀನು ಸುಮ್ನಿರು ಪುಟ್ಟಿ. ಲೆಕ್ಕ ನಾನು ನೋಡ್ಕೋತೀನಿ."

ಪುಟ್ಟಿ ಹಿಡಿದ ಮೊಣಕೈ ಬಿಟ್ಟಳು. ಹೋಮ್ ಎಡಿಷನ್ ಹಾಕಿಸಿದ್ದಾಯಿತು. ಕಂಪ್ಯೂಟರನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಅಕ್ಕ ದಾರಿಯುದ್ದಕ್ಕೂ ಖುಷಿಯಲ್ಲಿದ್ದಳು. ಎಂಬತ್ತು ಹೆಸರು ಉಳಿಯಿತು ಎಂದರೆ ಎಂಬತ್ತು ಕೋಟುಗಳು ಬಿಟ್ಟಿಯಾಗಿ ಗೋಡೆಗೆ ನೇತುಬಿದ್ದ ಹಾಗೆ.

ಬೇಸಿಗೆಯಲ್ಲಿ ಅವರ ಕೆಲಸ ಬೆಳಗಿನ ಐದಕ್ಕೆ ಶುರು. ಬಿಸಿಲೇರಿದರೆ ತಗಡು ಕಾದು, ನೂಲು ಒಣಗಿ ಪಟ್ಟನೆ ಹರಿಯುತ್ತದೆ. ಹನ್ನೊಂದಕ್ಕೆ ನಿಲ್ಲಿಸಿದರೆ ಮತ್ತೆ ಸಂಜೆಯೇ. ಬುಧವಾರ ಬೆಳಿಗ್ಗೆ ಗೋಡೆಯ ಸ್ವಿಚ್ಚು ಹಾಕಿ, ಮೊದಲ ಕೋಟು ಬಿಗಿದು, ನೀಲಿ ಬಟ್ಟೆ ಹೊದಿಸಿದರು. ಎರಡನೆಯ ಕೋಟು ಮೂಳೆ ಡಾಕ್ಟರದು. ಇಡೀ ಆಸ್ಪತ್ರೆಯಲ್ಲೇ ಉದ್ದ ಹೆಸರು ಅವರದು. ಅಕ್ಷರ ಎಷ್ಟಿದ್ದರೂ ಕೂಲಿ ಒಂದೇ ಆದ್ದರಿಂದ ಆ ಹೆಸರು ಕಂಡರೆ ಅಕ್ಕನಿಗೆ ಒಳಗೊಳಗೇ ಉರಿ. ಅಪ್ಪ ಅಮ್ಮ ಸ್ವಲ್ಪ ಕೈ ಬಿಗಿ ಹಿಡಿದು ಹೆಸರಿಡಬಾರದಿತ್ತೇ ಎಂದು ಅವಳು ಗೊಣಗುತ್ತಿದ್ದ ಹಾಗೆಯೇ, ಐದನೆಯ ಅಕ್ಷರದ ಸೊಂಟದಲ್ಲಿ ಯಂತ್ರ ಮೌನವಾಯಿತು.

ಬಟ್ಟೆ ಎತ್ತಿ ನೋಡಿದರೆ ಕಪ್ಪು ತೆರೆಯ ಮೇಲೆ ಬಿಳಿ ಚುಕ್ಕಿಗಳು ದುಂಡಗೆ ತಿರುಗುತ್ತಿದ್ದವು. ಅಪ್‌ಡೇಟ್ ನಡೆಯುತ್ತಿದೆ, ಆರಿಸಬೇಡಿ ಎಂದು ಬರೆದಿತ್ತು. ಇಪ್ಪತ್ತು ನಿಮಿಷ ಇಬ್ಬರೂ ಆ ಚುಕ್ಕಿಗಳನ್ನೇ ನೋಡುತ್ತ ಕುಳಿತರು. ಹೊಸದಲ್ಲವೇ, ಮೊದಲ ಸ್ನಾನ, ಒಂದು ಸಲ ಆದರೆ ಮುಗಿಯಿತು ಎಂದು ಅಕ್ಕ ಸಮಾಧಾನ ಹೇಳಿದಳು. ಯಾರಿಗೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಪುಟ್ಟಿ ಅರ್ಧ ಹೆಸರಿನ ಕೋಟನ್ನು ಬಿಚ್ಚಲು ನೋಡಿ, ತೂತುಗಳನ್ನು ಬೆಳಕಿಗೆ ಹಿಡಿದು, ಮಡಿಸಿ ಪಕ್ಕಕ್ಕಿಟ್ಟಳು.

ಗುರುವಾರ ಐದೂಕಾಲಿಗೆ ಮತ್ತೆ ಅದೇ. ಈ ಸಲ ಹೆರಿಗೆ ವಾರ್ಡಿನ ದಾದಿಯ ಕೋಟು, ಮೂರನೆಯ ಅಕ್ಷರ.

ಹೆದರಿಕೆ ಅಕ್ಕನ ಬಾಯಲ್ಲಿ ಯಾವಾಗಲೂ ಸಿಟ್ಟಾಗಿಯೇ ಹೊರಬರುತ್ತಿತ್ತು. ನೀನು ನಿನ್ನೆ ಸಂಜೆ ಏನನ್ನೋ ಒತ್ತಿರಬೇಕು ಎಂದುಬಿಟ್ಟಳು.

"ಒತ್ತೋಕೆ ಎಲ್ಲಿ ಬಿಡ್ತೀರಿ ಅಕ್ಕ? ಅದು ನಿಮ್ಮ ಬಟ್ಟೆ ಕೆಳಗಿರುತ್ತೆ, ನಾನು ನಿಮ್ಮ ಕಣ್ಣ ಕೆಳಗಿರ್ತೀನಿ." ಪುಟ್ಟಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ದನಿ ಏರಿಸಲಿಲ್ಲ, ಅದೇ ಅಕ್ಕನಿಗೆ ಹೆಚ್ಚು ತಾಗಿತು. "ಕಾರ್ಖಾನೆಯವರು ಕರೆದಿದ್ದಾರೆ. ಶನಿವಾರದೊಳಗೆ ಹೇಳಿ ಅಂದಿದ್ದಾರೆ. ನಿಮಗೆ ಗೊತ್ತು ಅಂತಾನೂ ನಂಗೊತ್ತು."

ಅಕ್ಕ ಸೂಜಿಯ ಪೆಟ್ಟಿಗೆಯನ್ನು ತೆಗೆದು ಮತ್ತೆ ಅಲ್ಲೇ ಇಟ್ಟಳು. ಸಂಬಳ ಎಷ್ಟಂತೆ ಎಂದು ಕೇಳಿದಳು. ಪುಟ್ಟಿ ಹೇಳಿದಳು. ಅಕ್ಕ ಅಭ್ಯಾಸಬಲದಿಂದ ಅದನ್ನು ಹೆಸರಿಗೆ ತಿರುಗಿಸಿ ನೋಡಿದಳು. ಬಂದ ಸಂಖ್ಯೆ ಇಲ್ಲಿ ಪುಟ್ಟಿಯ ಪಾಲಿಗೆ ಬರುವುದಕ್ಕಿಂತ ಬಹಳ ಹೆಚ್ಚೇನೂ ಅಲ್ಲ. ಹಾಗಾದರೆ ಹೋಗಬೇಕೆಂದಿರುವುದು ಹಣಕ್ಕಲ್ಲ. ಇದನ್ನು ಯಾವ ನಾಣ್ಯದಲ್ಲಿ ಅಳೆಯಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹನ್ನೊಂದಕ್ಕೆ ಅವಳು ಮೇಲೆ ಹೋಗಿ ಡಬ್ಬಿ ಇಳಿಸಿ ಎಂಬತ್ತು ಹೆಸರಿನಷ್ಟು ಹಣ ಎಣಿಸಿ ತಂದಳು. ಪ್ರೊ ತಂದುಬಿಡೋಣ ಬಾ, ನಾನೇ ಎಡವಿದೆ ಎಂದಳು. ಎಡವಿದೆ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿ ಪುಟ್ಟಿ ಒಂದು ಕ್ಷಣ ಚಪ್ಪಲಿ ಹುಡುಕುವುದನ್ನೇ ಮರೆತಳು.

ಅಂಗಡಿಯವನು ಕಥೆ ಕೇಳಿ ಲೊಚಗುಟ್ಟಿದ. ಯಾರೂ ಕೆಲಸ ಮಾಡದಿರುವಾಗಲೇ ಅದು ಅಪ್‌ಡೇಟು ಹಾಕಿಕೊಳ್ಳುವುದು ಎಂದ. ನಾನು ಅವತ್ತೇ ಹೇಳಿದೆ ಎನ್ನುವ ಆಸೆ ಅವನ ಮುಖದಲ್ಲಿ ಕುಣಿಯುತ್ತಿತ್ತು, ಗಿರಾಕಿ ಎಂದು ನುಂಗಿಕೊಂಡ. ಕಂಪ್ಯೂಟರನ್ನು ಹೊತ್ತು ತರಬೇಕಿಲ್ಲ, ಇಪ್ಪತ್ತೈದು ಅಕ್ಷರದ ಒಂದು ಸಂಕೇತ ಕೊಡುತ್ತೇನೆ, ಮನೆಯಲ್ಲೇ ಒತ್ತಿದರೆ ಹೋಮ್ ಹೋಗಿ ಪ್ರೊ ಆಗುತ್ತದೆ ಎಂದ. ಅಕ್ಕ ಚೌಕಾಸಿಯಿಲ್ಲದೆ ಹಣವನ್ನು ಮೇಜಿನ ಮೇಲಿಟ್ಟಳು.

"ತಡೀರಿ ಅಕ್ಕ" ಎಂದಳು ಪುಟ್ಟಿ. "ಒಂದು ಮಾತು ಕೇಳ್ತೀನಿ."

ಲೆಕ್ಕ ನಾನು ನೋಡ್ಕೋತೀನಿ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಬಾಯಿ ಮುಚ್ಚಿಕೊಂಡು ಕುರ್ಚಿಯ ಹಿಂದೆ ಸರಿದಳು. ಹಾಗೆ ಸರಿಯುವುದು ಎಷ್ಟು ಕಷ್ಟ ಎಂದು ಅವಳಿಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ಪುಟ್ಟಿ ಪಟ್ಟಿಯ ಕಡೆ ನೋಡಲೇ ಇಲ್ಲ. "ನಾವು ಅಲ್ಲೇ ಕೂತು ಕೆಲಸ ಮಾಡ್ತಿದ್ವಿ. ಆದ್ರೂ ಇವರು ಕೆಲಸ ಮಾಡ್ತಿಲ್ಲ ಅಂತ ಅದಕ್ಕೆ ಅನ್ನಿಸಿದ್ದು ಹೇಗೆ?"

ಅಂಗಡಿಯವನು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿದ. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಅದು ಎರಡು ನೋಡುತ್ತದೆ ಎಂದ. ಒಂದು ಗಡಿಯಾರ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕೆಲಸದ ಹೊತ್ತು, ಆಗ ಕಂಪ್ಯೂಟರು ನಿಲ್ಲಿಸಬಾರದು ಎಂದು ಅದರಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಇನ್ನೊಂದು, ಕೀಲಿಮಣೆಯ ಮೇಲೆ ಯಾರದಾದರೂ ಕೈಯಾಡುತ್ತಿದೆಯೇ ಎಂದು. ಹೊತ್ತೂ ಅಲ್ಲ, ಕೈಯೂ ಇಲ್ಲ ಅಂದರೆ, ಕಾಲು ಗಂಟೆ ಮೊದಲು ತೆರೆಯ ಮೇಲೆ ಒಂದು ಚೀಟಿ ಮೂಡಿಸಿ ಕೇಳುತ್ತದೆ, ನಿಲ್ಲಿಸಿ ಶುರುಮಾಡಲೇ, ಆಮೇಲೆ ಮಾಡಲೇ ಅಂತ. ಯಾರೂ ಬೇಡ ಎನ್ನದಿದ್ದರೆ ಶುರುಮಾಡುತ್ತದೆ. ಹೊಸದಾಗಿ ಹಾಕಿದಾಗ ಬಾಕಿ ಉಳಿದ ಅಪ್‌ಡೇಟುಗಳೆಲ್ಲ ಸಾಲಾಗಿ ಬರುತ್ತವೆ. ರಾತ್ರಿ ಸರಿಯಾಗಿ ಆರಿಸಿದರೆ ಆಗಲೇ ಮುಗಿಸಿಕೊಂಡು ಮಲಗುತ್ತದೆ. ನೀವು ಹೇಗೆ ಆರಿಸುತ್ತೀರಿ?

ಪುಟ್ಟಿ ಅಕ್ಕನ ಕಡೆ ನೋಡಿದಳು. ಅಕ್ಕ ಗೋಡೆಯ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

"ಆ ಹೊತ್ತನ್ನ ಬದಲಾಯಿಸ್ಬಹುದಾ? ಹೋಮ್‌ನಲ್ಲೇ?"

ಬದಲಾಯಿಸಬಹುದು ಎಂದ ಅವನು. ಹದಿನೆಂಟು ಗಂಟೆಯವರೆಗೂ ಹಿಗ್ಗಿಸಬಹುದು. ಬೇಕಾದರೆ ಈ ವಾರಕ್ಕೆ ಅಪ್‌ಡೇಟು ನಿಲ್ಲಿಸಿಯೂ ಇಡಬಹುದು.

"ಅವತ್ತು ಪ್ರೊನೇ ತಗೊಂಡಿದ್ರೂ ಅದರಲ್ಲೂ ಎಂಟರಿಂದ ಐದೇ ಇರ್ತಿತ್ತಾ?"

ಅವನು ಕಿವಿ ಉಜ್ಜಿಕೊಂಡ. "ಇರ್ತಿತ್ತು. ಯಾರಾದ್ರೂ ಬದಲಾಯಿಸೋವರೆಗೂ."

"ನಮ್ಮನ್ನ ಆಫೀಸಿನವರು ಅನ್ಕೊಂಡಿದೆ ಅದು" ಎಂದು ಪುಟ್ಟಿ ನಕ್ಕಳು. ಮೇಜಿನ ಮೇಲಿದ್ದ ಹಣವನ್ನು ಎತ್ತಿ ಅಕ್ಕನ ಕೈಗಿಟ್ಟಳು. "ಒಳಗಿಡಿ. ಹೋಮ್ ಸಾಕು ನಮಗೆ."

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಅಕ್ಕನ ತಲೆಯಲ್ಲಿ ಆ ಚೀಟಿಯೇ ಸುತ್ತುತ್ತಿತ್ತು. ಎರಡು ಬೆಳಿಗ್ಗೆಯೂ ಅದು ಮರ್ಯಾದೆಯಿಂದ ಕೇಳಿತ್ತು. ಕಾಲು ಗಂಟೆ ಕಾದಿತ್ತು. ತಾನು ಹೊದಿಸಿದ ನೀಲಿ ಬಟ್ಟೆಯ ಕೆಳಗೆ, ಕತ್ತಲೆಯಲ್ಲಿ. ಮಂಗಳವಾರ ಪುಟ್ಟಿ ಮೊಣಕೈ ಎಳೆದದ್ದೂ ನೆನಪಾಯಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಎಷ್ಟು ಸಲ ಎಳೆದಿದ್ದಳೋ, ಅದರ ಲೆಕ್ಕ ಮಾತ್ರ ಲೆಕ್ಕದಕ್ಕನ ಬಳಿ ಇರಲಿಲ್ಲ.

"ಆ ಏಳನೇ ಟಿಕ್ಕಿನ ಹೊತ್ತಿಗೆ ನೀನು ಏನೋ ಹೇಳೋಕೆ ಬಂದೆ. ಏನದು?"

"ಅಪ್‌ಡೇಟ್ ಬಂದಾಗ ಯಂತ್ರ ನಿಲ್ಲುತ್ತಾ ಅಂತ ಕೇಳೋಣ ಅಂದ್ಕೊಂಡೆ. ಅಷ್ಟೇ."

ಅಷ್ಟನ್ನು ಕೇಳಿದ್ದರೆ ಎರಡು ಕೋಟು ಉಳಿಯುತ್ತಿದ್ದವು. ಅಕ್ಕ ಕಡ್ಡಿ ಮುರಿದಂತೆ ಕೇಳಿದಳು. "ಶನಿವಾರ ಅವರಿಗೇನು ಹೇಳ್ತೀಯ?"

ಪುಟ್ಟಿ ಇದಕ್ಕೆ ಸಿದ್ಧಳಾಗಿದ್ದಳು. ಯಂತ್ರ, ಕಂಪ್ಯೂಟರು, ನೂಲು, ಇವುಗಳಲ್ಲಿ ಏನು ಕೊಳ್ಳಬೇಕು, ಹೇಗೆ ನಡೆಸಬೇಕು ಎಂಬುದು ಇನ್ನು ಮುಂದೆ ತನ್ನ ಮಾತು. ಬೆಲೆಯ ಚೌಕಾಸಿ ಅಕ್ಕನದು, ಅದರಲ್ಲಿ ತಾನು ಬಾಯಿ ಹಾಕುವುದಿಲ್ಲ. ಕೋಣೆಯ ಬೀಗದ ಕೈ ಇನ್ನೊಂದು ಮಾಡಿಸಬೇಕು. ಗೋಡೆಯ ಸ್ವಿಚ್ಚನ್ನು ಅಕ್ಕ ಮುಟ್ಟಬಾರದು. ಇವಿಷ್ಟಾದರೆ ಕಾರ್ಖಾನೆಗೆ ಇಲ್ಲ ಎನ್ನುತ್ತೇನೆ ಎಂದಳು.

"ಬಟ್ಟೆ?"

"ಬಟ್ಟೆ ತೆಗೀರಿ ಅಕ್ಕ. ಜುಂಗು ಬೀಳದ ಹಾಗೆ, ತೆರೆ ಕಾಣೋ ಪ್ಲಾಸ್ಟಿಕ್ ಹಾಕೋಣ. ಅದು ಏನು ಕೇಳುತ್ತೆ ಅಂತ ನೋಡ್ತಿರಬೇಕು."

ಅಕ್ಕ ಬೆರಳು ಮಡಿಸಿ ಏನನ್ನೋ ಎಣಿಸುವಂತೆ ಮಾಡಿದಳು. ಎಣಿಸಲು ಏನೂ ಇರಲಿಲ್ಲ. ಆಗಲಿ ಎಂದಳು. ಇಳಿಯುವ ನಿಲ್ದಾಣ ಬಂದಾಗ, ಬೀಗದ ಕೈಗೆ ಎರಡು ಹೆಸರು ಆಗಬಹುದು, ನಾನು ಒಂದೂವರೆಗೆ ಮಾಡಿಸುತ್ತೇನೆ ಎಂದಳು.

ಸಂಜೆ ಪುಟ್ಟಿ ಕೆಲಸದ ಹೊತ್ತನ್ನು ಬೆಳಗಿನ ನಾಲ್ಕರಿಂದ ರಾತ್ರಿ ಹತ್ತಕ್ಕೆ ಹಿಗ್ಗಿಸಿದಳು. ರಾತ್ರಿ ಆರಿಸುವಾಗ ಕಂಪ್ಯೂಟರು ಹತ್ತು ನಿಮಿಷ ತನ್ನ ಪಾಡಿಗೆ ಏನೋ ಮಾಡಿಕೊಂಡಿತು. ಅಕ್ಕ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸ್ವಿಚ್ಚಿನಿಂದ ಮೂರು ಅಡಿ ದೂರ ನಿಂತಳು. ಶುಕ್ರವಾರ ಬೆಳಿಗ್ಗೆ ಮೊದಲ ಕೋಟಿನಿಂದ ಕೊನೆಯ ಕೋಟಿನವರೆಗೆ ಸೂಜಿ ಒಮ್ಮೆಯೂ ನಿಲ್ಲದೆ ಓಡಿತು. ಮೂಳೆ ಡಾಕ್ಟರ ಹೆಸರನ್ನು ಇನ್ನೊಂದು ಕೋಟಿನ ಮೇಲೆ ಪೂರ್ತಿ ಹೊಲಿಯಬೇಕಿತ್ತು, ಆದರೆ ಇನ್ನೊಂದು ಕೋಟೇ ಇರಲಿಲ್ಲ.

ಶನಿವಾರ ಹನ್ನೊಂದಕ್ಕೆ ಉಗ್ರಾಣದ ಮೇಲ್ವಿಚಾರಕಿ ಕೋಟುಗಳನ್ನು ಎರಡು ಸಲ ಎಣಿಸಿದಳು. ನೂರ ತೊಂಬತ್ತೆಂಟು. ಹಾಳಾದ ಎರಡನ್ನು ಅಕ್ಕ ತಾನೇ ಮುಂದಿಟ್ಟಳು. ವಿವರಣೆಯನ್ನು ಪುಟ್ಟಿ ಕೊಟ್ಟಳು, ನಾಲ್ಕೇ ಮಾತಿನಲ್ಲಿ. ಮೇಲ್ವಿಚಾರಕಿ ತೂತುಗಳೊಳಗೆ ಬೆರಳಾಡಿಸಿ, ನಮ್ಮ ಕಂಪ್ಯೂಟರೂ ಹೀಗೇ ಮಾಡುತ್ತದೆ, ಆದರೆ ಅದು ನನ್ನ ಕೋಟು ಹಾಳು ಮಾಡುವುದಿಲ್ಲ ಎಂದಳು. ಎರಡು ಕೋಟಿನ ಬೆಲೆ ಕೂಲಿಯಲ್ಲಿ ಮುರಿದುಕೊಂಡಳು. ಮೂರು ವರ್ಷದ ಕರಾರಿನ ಕಾಗದವನ್ನು ಒಳಗಿಟ್ಟು ಒಂದು ವರ್ಷದ್ದನ್ನು ಹೊರತೆಗೆದಳು. ಅಕ್ಕ ಚೌಕಾಸಿ ಮಾಡಿ ನೋಡಿದಳು. ಆ ಹೆಂಗಸು ಅಲ್ಲಾಡಲಿಲ್ಲ. ಸಹಿ ಹಾಕುವಾಗ ಅಕ್ಕ ಪೆನ್ನನ್ನು ಮೊದಲು ಪುಟ್ಟಿಗೆ ಕೊಟ್ಟಳು. ಇಪ್ಪತ್ತು ವರ್ಷ ಪುಟ್ಟಿ ಎಂದು ಕರೆದವಳ ಪೂರ್ತಿ ಹೆಸರು ಕಾಗದದ ಮೇಲೆ ಬಿದ್ದಾಗ ಎಷ್ಟು ಉದ್ದವಿದೆ ಎಂದು ನೋಡಿ ಅವಳಿಗೆ ಆಶ್ಚರ್ಯವಾಯಿತು. ಮೂಳೆ ಡಾಕ್ಟರಿಗಿಂತ ಎರಡೇ ಅಕ್ಷರ ಕಡಿಮೆ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಪುಟ್ಟಿ ಕಾರ್ಖಾನೆಗೆ ಫೋನು ಮಾಡಿದಳು. ಎರಡು ನಿಮಿಷದ ಮಾತು.

ಹೋದದ್ದು ಎರಡು ಕೋಟು, ಅರವತ್ತು ಹೆಸರಿನಷ್ಟು ಕೂಲಿ, ಕರಾರಿನಲ್ಲಿ ಎರಡು ವರ್ಷ, ಮತ್ತು ಎಲ್ಲದಕ್ಕೂ ತಾನೇ ಕೊನೆಯ ಮಾತು ಎಂಬ ಲೆಕ್ಕದಕ್ಕನ ಪದವಿ. ಉಳಿದದ್ದು ಪ್ರೊಗೆ ಕೊಡದ ಎಂಬತ್ತು ಹೆಸರು. ಅದರಲ್ಲಿ ಒಂದೂವರೆ ಬೀಗದ ಕೈಗೆ ಹೋಯಿತು, ಮೂರು ಪ್ಲಾಸ್ಟಿಕ್ ಹೊದಿಕೆಗೆ. ಸಿಕ್ಕಿದ್ದು ಒಂದು ವರ್ಷದ ಕೆಲಸ. ಓರಗಿತ್ತಿ ಹೋಗಲಿಲ್ಲ.